ಎರಡನೇ ಸೀಟಿ

ಆರೂಮುಕ್ಕಾಲಿಗೆ ಲ್ಯಾಬಿನ ಶಟರು ಅರ್ಧ ಎದ್ದಿದೆ.
ಒಳಗೆ ಇನಾಸ ನೆಲ ಒರೆಸುತ್ತಾ
'ಒಣಗಲಿ ಅಕ್ಕಾ' ಎನ್ನುತ್ತಾನೆ.
ನಾನು ಮೆಟ್ಟಿಲ ಮೇಲೆ, ಖಾಕಿಯ ಮೇಲೊಂದು ಸ್ವೆಟರು.
ಮೇ ತಿಂಗಳು, ಕಾರವಾರ,
ಬೈತಖೋಲದಿಂದ ಬರುವ ಗಾಳಿಗೇ ಬೆವರು,
ನನಗೆ ಮಾತ್ರ ಚಳಿ.

ಜೇಬಿನಲ್ಲಿ ಹಳೇ ಟಿಕೇಟಿನಲ್ಲಿ ಸುತ್ತಿದ ಮಾತ್ರೆ,
ಬಿಳಿ, ಹೆಸರುಕಾಳಿಗಿಂತ ತುಸು ದೊಡ್ಡದು.
ದಿನವೂ ಐದಕ್ಕೆದ್ದು ನುಂಗುವುದು. ಇವತ್ತು ಇಲ್ಲ,
ರಕ್ತ ಕೊಟ್ಟ ಮೇಲೆ.
ಇದಕ್ಕೆ ಉಪವಾಸ ಬೇಡವೆಂದರೂ
ಅತ್ತೆ ಚಹಾ ಕೊಡಲಿಲ್ಲ:
ದೇವರ ಹತ್ತಿರ, ಸೂಜಿಯ ಹತ್ತಿರ
ಹಸಿದ ಹೊಟ್ಟೆಯಲ್ಲೇ ಹೋಗಬೇಕಂತೆ.

ಹೋದ ಸಲವೂ ಇದೇ ಮೆಟ್ಟಿಲು.
ಇನಾಸ ಕೇಳಿದ್ದ, 'ಬೇರೆ ಗುಳಿಗೆ ಏನಾದರೂ?
ಕೂದಲಿಗೆ, ಉಗುರಿಗೆ?'
ಹಿಂದೆ ನಮ್ಮ ಡಿಪೋದ ಇಬ್ಬರು, ಸಕ್ಕರೆ ನೋಡಿಸಲು ಬಂದವರು.
ಬಾಚಣಿಗೆಯಲ್ಲಿ ಸಿಕ್ಕ ಉಂಡೆಯನ್ನು
ಕಿಟಕಿಯಿಂದ ಗಾಳಿಗೆ ಬಿಡುವವಳು,
ನಾದಿನಿ ಮಡಗಾಂವಿನಿಂದ ತಂದ ಗುಲಾಬಿ ಡಬ್ಬಿಯಿಂದ
ಬೆಳಗ್ಗೆ ಒಂದು, ರಾತ್ರಿ ಒಂದು,
ಯಾರಿಗೂ ಕಾಣದ ಹಾಗೆ ನುಂಗುವವಳು,
'ಇಲ್ಲ' ಎಂದೆ.

ವರದಿ ಬಂತು: ನಾನು ಓಡುತ್ತಿದ್ದೇನೆ.
ನನ್ನ ಕೊರಳ ಗ್ರಂಥಿ
ಘಟ್ಟ ಇಳಿಯುವ ಅದಿರಿನ ಲಾರಿ.
ಡಾಕ್ಟರಮ್ಮ ಕಾಗದ ನೋಡಿದರು, ನನ್ನ ನೋಡಿದರು,
ಊದಿದ ಮುಖ, ಒಡೆದ ಹಿಮ್ಮಡಿ, ಸ್ವೆಟರು,
'ಬಿಣಗಾ' ಎನ್ನುವಾಗ 'ಗಾ' ಗಂಟಲಲ್ಲೇ ಇಳಿದುಹೋಗುವ ದನಿ.
'ಓಡುವವರು ಹೀಗಿರುವುದಿಲ್ಲ' ಎಂದರು.

ಹದಿನಾಲ್ಕು ವರ್ಷ ಟಿಕೇಟು ಕೊಟ್ಟವಳಿಗೆ ಗೊತ್ತು,
ವೇಬಿಲ್ಲಿಗೂ ಚೀಲದ ದುಡ್ಡಿಗೂ ತಾಳೆಯಾಗದಿದ್ದರೆ
ಹಿಂದಿನ ಸೀಟಿನಲ್ಲಿ ಯಾರೋ ಒಬ್ಬ
ಕಿಟಕಿಗೆ ಮುಖ ತಿರುಗಿಸಿ ಕೂತಿದ್ದಾನೆ.
ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.
ಅವರು ನಗಲಿಲ್ಲ. ಕನ್ನಡಕ ಏರಿಸಿ ಲೇಬಲ್ಲು ಓದಿದರು.
'ಇದು ಯಂತ್ರಕ್ಕೆ ಮಂಕುಬೂದಿ ಎರಚುತ್ತದೆ.
ಮೂರು ದಿನ ಬಿಡಿ. ಮತ್ತೆ ಅದೇ ಹೊತ್ತಿಗೆ, ಅದೇ ಲ್ಯಾಬಿಗೆ.'

ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಇಳಿದಂತೆ—
ಅವರು ಬರೆದು ತೋರಿಸಿದರೂ ತಲೆಗೆ ಹೋಗಲಿಲ್ಲ.
ಸಂಜೆ ಅರ್ಗಾದಲ್ಲಿ ಹೋಯಿತು.
ಜನ ಹತ್ತಿದರು, ಸೀಟಿ ಊದಿದೆ,
ಮಾಬ್ಲಣ್ಣ ಸ್ಟೇರಿಂಗಿಗೆ ಗದ್ದ ಊರಿ ತೂಕಡಿಸುತ್ತಿದ್ದ.
ಎರಡನೇ ಸಲ ಕೆನ್ನೆ ನೋಯುವಂತೆ ಊದಿದೆ,
ಯಾರದೋ ಮಡಿಲ ಕೂಸು ಬೆಚ್ಚಿ ಅತ್ತಿತು.

ನನ್ನ ತಲೆಯಲ್ಲೂ ಒಬ್ಬಳು ಕಂಡಕ್ಟರು,
ಬಟಾಣಿಯಷ್ಟು ಗಾತ್ರ.
ಕೊರಳಲ್ಲಿ ಡ್ರೈವರು ತೂಕಡಿಸಿದಷ್ಟೂ
ಅವಳ ಸೀಟಿ ಜೋರು.
ಯಂತ್ರ ಅಳೆಯುವುದು ಆ ಸೀಟಿಯನ್ನು.
ಗುಲಾಬಿ ಗುಳಿಗೆ ಅದರ ಕಿವಿಗೆ ಹತ್ತಿ ತುರುಕಿತ್ತು.
ಅವಳು ಒಳಗೆ ಎಷ್ಟು ದಿನದಿಂದ ಊದುತ್ತಿದ್ದಾಳೋ ಪಾಪ,
ರಜೆಯಿಲ್ಲ, ಓಟಿ ಇಲ್ಲ.

'ಸುಗಂಧಾ ಗುನಗಿ, ನಲವತ್ತೊಂದು,' ನೆಲ ಒಣಗಿದೆ.
ರಬ್ಬರು ಪಟ್ಟಿ ಬಿಗಿಯುತ್ತಾ ಇನಾಸ ಕೇಳುತ್ತಾನೆ,
'ಮಾತ್ರೆ?'
'ನುಂಗಲಿಲ್ಲ, ಜೇಬಲ್ಲಿದೆ.'
'ಬೇರೆ?'
'ಕೂದಲು ಉದುರ್ತದೆ ನಂದು. ಅದಕ್ಕೊಂದು ತಗೊಳ್ತಿದ್ದೆ.
ಬಿಟ್ಟು ನಾಲ್ಕು ದಿನ.'
ಬೇಕೆಂದೇ ಗಟ್ಟಿಯಾಗಿ ಹೇಳಿದೆ.
ಬೆಂಚಿನಲ್ಲಿದ್ದವನು ಪೇಪರಿನ ಪುಟ ತಿರುವಿದ,
ಅಷ್ಟೇ.

ಹಳದಿ ಮುಚ್ಚಳದ ನಳಿಗೆಯಲ್ಲಿ
ಕೋಕಮ್ಮಿನ ಬಣ್ಣಕ್ಕೆ ನಾನು ತುಂಬಿಕೊಂಡೆ.
ಬಸ್‌ಸ್ಟ್ಯಾಂಡಿನ ನಲ್ಲಿ ನೀರಲ್ಲಿ ಮಾತ್ರೆ ಇಳಿಯಿತು.
ಇನ್ನೊಂದು ತಾಸು ಚಹಾ ಇಲ್ಲ. ಕುಡಿದರೆ ಅವರ್ಸಾದಲ್ಲೇ.
ವರದಿ ಸಂಜೆಗೆ.

ಏಳೂವರೆಯ ಗಾಡಿ, ನಿಲ್ಲಲೂ ಜಾಗವಿಲ್ಲ,
ಬುಟ್ಟಿಯ ಬಂಗಡೆ ಯಾರದೋ ಪ್ಯಾಂಟಿಗೆ ತಾಗಿ ಜಗಳ.
ಸುರಂಗ ದಾಟಿ ಬಿಣಗಾ ಬಂತು.
'ಬಿಣ...' ಎಂದೆ.
'ಗಾ' ಇವತ್ತೂ ಸಿಗಲಿಲ್ಲ.
ಸೀಟಿ ಬಾಯಿಗಿಟ್ಟೆ.